ಹವಿಯೆರ್ ಬಾರ್ದೆಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಯಾರು ಈ ಹವಿಯೆರ್ ಬಾರ್ದೆಮ್?

ಸ್ಪೇನ್ ದೇಶದ ನಟ. ಹುಟ್ಟಿದ್ದು 1969ರ ಮಾರ್ಚ್ 1ರಂದು, ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಲ್ಲಿ. ಬೆಳೆದದ್ದು ಮ್ಯಾಡ್ರಿಡ್‌ನಲ್ಲಿ. ನಟನೆಗೆ ಆಸ್ಕರ್ ಗೆದ್ದ ಮೊದಲ ಸ್ಪ್ಯಾನಿಷ್ ನಟ ಇವರೇ. ನಮ್ಮ ಪತ್ರಿಕೆಗಳಲ್ಲಿ 'ಜೇವಿಯರ್ ಬಾರ್ಡೆಮ್' ಅಂತಲೂ ಬರೆಯುತ್ತಾರೆ.

ಹೆಚ್ಚಿನವರಿಗೆ ಅವರು ಗೊತ್ತಿರುವುದು ಜೇಮ್ಸ್ ಬಾಂಡ್ ಸರಣಿಯ 'ಸ್ಕೈಫಾಲ್' ಚಿತ್ರದ ಖಳನಾಗಿ, ಇಲ್ಲವೇ 'ಡ್ಯೂನ್' ಚಿತ್ರದಲ್ಲಿ ಮರುಭೂಮಿ ಜನರ ಮುಖಂಡ ಸ್ಟಿಲ್ಗರ್ ಆಗಿ. ಅವೆರಡೂ ಚೆನ್ನಾಗಿವೆ. ಆದರೆ ಅವರ ನಿಜವಾದ ಕೆಲಸ ಇರುವುದು ಸ್ಪ್ಯಾನಿಷ್ ಸಿನಿಮಾಗಳಲ್ಲಿ. ಈ ಪುಟದಲ್ಲಿ ಆ ಸಿನಿಮಾಗಳ ಬಗ್ಗೆಯೇ ಮಾತು ಜಾಸ್ತಿ.

ನಟನೆ ಅವರ ಮನೆತನದ ಕಸುಬಾ?

ಹೌದು. ಅಜ್ಜ ರಫಾಯೆಲ್ ಬಾರ್ದೆಮ್, ಅಜ್ಜಿ ಮತಿಲ್ದೆ ಮುನ್ಯೋಸ್ ಸಾಂಪೆದ್ರೊ, ಇಬ್ಬರೂ ನಾಟಕ ಮತ್ತು ಸಿನಿಮಾ ನಟರು. ಆ ಕಾಲದ ಸ್ಪೇನ್‌ನಲ್ಲಿ ನಾಟಕದವರು ಊರೂರು ಸುತ್ತುತ್ತಿದ್ದರು. ನಮ್ಮ ಕಂಪನಿ ನಾಟಕದವರ ಬದುಕು ಹೇಗಿತ್ತೋ ಹೆಚ್ಚುಕಡಿಮೆ ಹಾಗೇ: ಚಪ್ಪಾಳೆ ಸಿಗುತ್ತಿತ್ತು, ಮರ್ಯಾದೆ ಸಿಗುತ್ತಿರಲಿಲ್ಲ. ಹಿಂದೆ ನಟರನ್ನು ಚರ್ಚಿನ ಪವಿತ್ರ ನೆಲದಲ್ಲಿ ಹೂಳಲೂ ಬಿಡುತ್ತಿರಲಿಲ್ಲ ಅನ್ನುವುದನ್ನು ಬಾರ್ದೆಮ್ ಸಂದರ್ಶನಗಳಲ್ಲಿ ನೆನಪಿಸಿಕೊಳ್ಳುವುದುಂಟು.

ಸೋದರಮಾವ ಹುವಾನ್ ಆಂತೋನಿಯೊ ಬಾರ್ದೆಮ್ ದೊಡ್ಡ ನಿರ್ದೇಶಕ. 1955ರ 'ಡೆತ್ ಆಫ್ ಎ ಸೈಕ್ಲಿಸ್ಟ್' ಅವರದು. ಶ್ರೀಮಂತ ಜೋಡಿಯೊಂದು ಕಾರಿನಲ್ಲಿ ಸೈಕಲ್ ಸವಾರನಿಗೆ ಗುದ್ದಿ, ತಮ್ಮ ಗುಟ್ಟು ಬಯಲಾದೀತು ಅಂತ ಅವನನ್ನು ರಸ್ತೆಯಲ್ಲೇ ಸಾಯಲು ಬಿಟ್ಟು ಹೋಗುವ ಕಥೆ. ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ವಿಮರ್ಶಕರ ಪ್ರಶಸ್ತಿ ಬಂತು. ಅವರು ಕಮ್ಯುನಿಸ್ಟ್. ಸರ್ವಾಧಿಕಾರಿ ಫ್ರಾಂಕೊ ಆಡಳಿತದಲ್ಲಿ ಜೈಲಿಗೂ ಹೋದರು. 1956ರಲ್ಲಂತೂ ಸಿನಿಮಾ ಶೂಟಿಂಗ್ ನಡೆಯುತ್ತಿದ್ದಾಗಲೇ ಅವರನ್ನು ಬಂಧಿಸಿದ್ದರು.

ಆದರೆ ಹವಿಯೆರ್ ಅವರನ್ನು ರೂಪಿಸಿದ್ದು ಅಮ್ಮ, ಪಿಲಾರ್ ಬಾರ್ದೆಮ್. ಗಂಡನಿಂದ ದೂರವಾಗಿ ಕಾರ್ಲೊಸ್, ಮೋನಿಕಾ, ಹವಿಯೆರ್ ಮೂವರನ್ನೂ ಒಬ್ಬರೇ ಬೆಳೆಸಿದರು. ಸ್ಪೇನ್‌ನಲ್ಲಿ ವಿಚ್ಛೇದನ ಕಾನೂನುಬದ್ಧವಾಗಿದ್ದೇ 1981ರಲ್ಲಿ. ಅದಕ್ಕೂ ಮುಂಚೆ, ಅದರಲ್ಲೂ ನಟಿಯಾಗಿ, ಗಂಡನಿಲ್ಲದೆ ಮೂರು ಮಕ್ಕಳನ್ನು ಸಾಕುವುದು ಅಂದ್ರೆ ಜನರ ಬಾಯಿಗೆ ಸಿಕ್ಕ ಹಾಗೇ ಅಲ್ವಾ? ಪಿಲಾರ್ ಸಿಕ್ಕ ಪಾತ್ರಗಳನ್ನೆಲ್ಲ ಮಾಡಿ ಮನೆ ನಡೆಸಿದರು. ಮುಂದೆ ಕಲಾವಿದರ ಹಕ್ಕುಗಳ ಸಂಸ್ಥೆ ಆಯಿಸ್ಗೆಯ ಅಧ್ಯಕ್ಷರಾಗಿ ವರ್ಷಗಟ್ಟಲೆ ದುಡಿದರು. ತೀರಿಕೊಂಡದ್ದು 2021ರ ಜುಲೈನಲ್ಲಿ.

ಒಂದು ಸಂಗತಿ ನನಗೆ ತುಂಬಾ ಇಷ್ಟ. 1996ರ ಗೋಯಾ ಪ್ರಶಸ್ತಿ ಸಮಾರಂಭದಲ್ಲಿ ಮಗನಿಗೆ ಶ್ರೇಷ್ಠ ನಟ, ಅಮ್ಮನಿಗೆ ಶ್ರೇಷ್ಠ ಪೋಷಕ ನಟಿ. ಒಂದೇ ರಾತ್ರಿ, ಒಂದೇ ವೇದಿಕೆ. ಗೋಯಾ ಅಂದ್ರೆ ಸ್ಪೇನ್ ಚಿತ್ರರಂಗದ ಅತಿ ದೊಡ್ಡ ಪ್ರಶಸ್ತಿ. ಎಷ್ಟೋ ವರ್ಷ ಸಣ್ಣ ಸಣ್ಣ ಪಾತ್ರಗಳಲ್ಲೇ ಕಳೆದ ಪಿಲಾರ್‌ಗೆ ಅದು ಸಿಕ್ಕಾಗ ವಯಸ್ಸು 56.

ಚಿಕ್ಕಂದಿನಿಂದಲೇ ನಟನಾಗಬೇಕು ಅಂತ ಇತ್ತಾ?

ಇರಲಿಲ್ಲ. ಐದಾರು ವರ್ಷದವರಿದ್ದಾಗ 'ಎಲ್ ಪೀಕಾರೊ' ಅನ್ನುವ ಟೀವಿ ಸರಣಿಯಲ್ಲಿ ಪುಟ್ಟದಾಗಿ ಕಾಣಿಸಿಕೊಂಡಿದ್ದರು, ಅಷ್ಟೇ. ಆಮೇಲೆ ಮನಸ್ಸು ಹೋಗಿದ್ದು ಎರಡು ಕಡೆ: ಚಿತ್ರಕಲೆ ಮತ್ತು ರಗ್ಬಿ. ಮ್ಯಾಡ್ರಿಡ್‌ನ ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತರು. ಒಳ್ಳೆಯ ಕಲಾವಿದ ಆಗುವಷ್ಟು ಕೈ ಪಳಗಿಲ್ಲ ಅಂತ ಅವರಿಗೇ ಅನ್ನಿಸಿ ಬಿಟ್ಟರು. ಹೊಟ್ಟೆಪಾಡಿಗೆ ನೈಟ್‌ಕ್ಲಬ್ ಬಾಗಿಲು ಕಾಯುವುದೂ ಸೇರಿ ಸಣ್ಣಪುಟ್ಟ ಕೆಲಸ ಮಾಡಿದ್ದಾರೆ.

ರಗ್ಬಿಯನ್ನು ಮಾತ್ರ ಗಂಭೀರವಾಗಿ ಆಡಿದರು. ಸ್ಪೇನ್‌ನ ಕಿರಿಯರ ರಾಷ್ಟ್ರೀಯ ತಂಡದವರೆಗೂ ಹೋದರು. ಆ ದಪ್ಪ ಕುತ್ತಿಗೆ, ಅಗಲ ಭುಜ ಅಲ್ಲಿಂದಲೇ ಬಂದದ್ದು. ಮೂಗು ಮಾತ್ರ ರಗ್ಬಿಯಲ್ಲಿ ಮುರಿದದ್ದಲ್ಲ. ಹುಡುಗರಾಗಿದ್ದಾಗ ಯಾರೋ ಒಬ್ಬ ಹೊಡೆದದ್ದು.

ಸಿನಿಮಾಗಳಲ್ಲಿ ಎಕ್ಸ್‌ಟ್ರಾ ಆಗಿ ನಿಲ್ಲಲು ಶುರು ಮಾಡಿದ್ದು ಕೈಖರ್ಚಿಗೆ. ಆಮೇಲೆ ಮ್ಯಾಡ್ರಿಡ್‌ನಲ್ಲಿ ನಟನಾ ಶಾಲೆ ನಡೆಸುವ ಅರ್ಜೆಂಟೀನಾ ಮೂಲದ ಹುವಾನ್ ಕಾರ್ಲೊಸ್ ಕೊರಾತ್ಸಾ ಅವರ ಬಳಿ ಕಲಿಯಲು ಹೋದರು. ಆಸ್ಕರ್ ಬಂದ ಮೇಲೂ ಅವರ ಬಳಿ ಹೋಗಿ ಪಾತ್ರಗಳಿಗೆ ತಯಾರಿ ನಡೆಸುವುದನ್ನು ಬಿಟ್ಟಿಲ್ಲ.

ಹೆಸರು ಬಂದದ್ದು ಯಾವ ಸಿನಿಮಾದಿಂದ?

1992ರ 'ಹಮೋನ್ ಹಮೋನ್'. ನಿರ್ದೇಶಕ ಬಿಗಾಸ್ ಲೂನಾ. ಅದಕ್ಕೂ ಮುಂಚೆ 1990ರಲ್ಲಿ ಇದೇ ನಿರ್ದೇಶಕರ ಸಿನಿಮಾದಲ್ಲಿ ಸಣ್ಣ ಪಾತ್ರ ಮಾಡಿದ್ದರು.

'ಹಮೋನ್ ಹಮೋನ್' ನಡೆಯುವುದು ಆರಗೊನ್ ಪ್ರಾಂತ್ಯದ ಮೊನೇಗ್ರೊಸ್ ಎಂಬ ಒಣ ಬಯಲಿನಲ್ಲಿ. ಹೆದ್ದಾರಿ ಪಕ್ಕ ಕಪ್ಪು ಗೂಳಿಯ ಆಕಾರದ ದೈತ್ಯ ಜಾಹೀರಾತು ಫಲಕ ನಿಂತಿರುತ್ತದೆ. ಸ್ಪೇನ್‌ನ ರಸ್ತೆಗಳಲ್ಲಿ ಓಡಾಡಿದವರಿಗೆ ಈ ಗೂಳಿ ಗೊತ್ತು. ಬಾರ್ದೆಮ್ ಪಾತ್ರ ಹಂದಿ ತೊಡೆಯ ಮಾಂಸ ಸಾಗಿಸುವ ಗೋದಾಮಿನ ಹುಡುಗ. ಗೂಳಿಕಾಳಗದ ವೀರನಾಗುವ ಕನಸು. ತನ್ನ ಗಂಡಸುತನದ ಬಗ್ಗೆ ಅವನಿಗೆ ವಿಪರೀತ ಹೆಮ್ಮೆ. ಆ ಹೆಮ್ಮೆಯ ಕೊನೆ ಏನಾಗುತ್ತದೆ ಅನ್ನುವುದೇ ಕಥೆ.

ಸಿನಿಮಾ ಗೆದ್ದಿತು. ಮರು ವರ್ಷ ಬಿಗಾಸ್ ಲೂನಾ ಅವರ ಜೊತೆಗೇ ಇನ್ನೊಂದು ಬಂತು, ಬೆನಿಡೊರ್ಮ್‌ನ ಕಡಲ ತೀರದಲ್ಲಿ ಗಗನಚುಂಬಿ ಕಟ್ಟಲು ಹೊರಟ ಮಹತ್ವಾಕಾಂಕ್ಷಿಯ ಪಾತ್ರ. ಅಲ್ಲಿಂದ ತೊಂದರೆ ಶುರು. ಎಲ್ಲ ನಿರ್ಮಾಪಕರಿಗೂ ಅದೇ ಒರಟು, ಕಟ್ಟುಮಸ್ತು ಗಂಡಸೇ ಬೇಕಾಯಿತು.

ಬಾರ್ದೆಮ್ ಆ ದಾರಿ ಹಿಡಿದಿದ್ದರೆ ಹತ್ತು ವರ್ಷ ದುಡ್ಡು ಮಾಡಿ ಮರೆಯಾಗುತ್ತಿದ್ದರೇನೋ. ಅವರು 1994ರಲ್ಲಿ 'ದೀಯಾಸ್ ಕೊಂತಾದೊಸ್' ಚಿತ್ರದಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ, ಪೊಲೀಸರಿಗೆ ಸುದ್ದಿ ಕೊಡುವ ಲಿಸಾರ್ದೊ ಪಾತ್ರ ಒಪ್ಪಿಕೊಂಡರು. ತೆರೆಯ ಮೇಲೆ ಇರುವುದು ಸ್ವಲ್ಪ ಹೊತ್ತು. ಬಾಡಿದ ಮುಖ, ನಿಂತಲ್ಲಿ ನಿಲ್ಲದ ಕಣ್ಣು. ಎರಡು ವರ್ಷದ ಹಿಂದೆ ಗೂಳಿಯಂತೆ ನಿಂತಿದ್ದವನು ಇವನೇನಾ ಅನ್ನಿಸುತ್ತದೆ. ಮೊದಲ ಗೋಯಾ ಬಂದದ್ದು ಅದಕ್ಕೇ. 1997ರಲ್ಲಿ ಸ್ಪೇನ್‌ನ ಹೆಸರಾಂತ ನಿರ್ದೇಶಕ ಪೆದ್ರೊ ಅಲ್ಮೊದೊವಾರ್ ಅವರ 'ಲೈವ್ ಫ್ಲೆಶ್'ನಲ್ಲಿ ಗುಂಡೇಟು ತಿಂದು ಗಾಲಿಕುರ್ಚಿ ಹಿಡಿದ, ಆಮೇಲೆ ಗಾಲಿಕುರ್ಚಿ ಬಾಸ್ಕೆಟ್‌ಬಾಲ್ ಆಟಗಾರನಾದ ಪೊಲೀಸನ ಪಾತ್ರ ಮಾಡಿದರು.

ಒಂದು ವಿಷಯ ಗಮನಿಸಿ. ಮೈಕಟ್ಟಿನಿಂದಲೇ ಹೆಸರು ಮಾಡಿದ ನಟ, ಆ ಮೈಯನ್ನೇ ಕಟ್ಟಿಹಾಕುವ ಪಾತ್ರಗಳನ್ನು ಒಂದರ ಹಿಂದೆ ಒಂದು ಆರಿಸಿಕೊಂಡರು. ಅವರ ಅತ್ಯುತ್ತಮ ಕೆಲಸ ಎಲ್ಲ ಬಂದಿರುವುದು ಹಾಗೆಯೇ ಅನ್ನುವುದು ನನ್ನ ನಂಬಿಕೆ.

ಹಾಲಿವುಡ್‌ಗೆ ಹೋಗಿದ್ದು ಹೇಗೆ?

2000ದ 'ಬಿಫೋರ್ ನೈಟ್ ಫಾಲ್ಸ್' ಮೂಲಕ. ನಿರ್ದೇಶಕ ಜೂಲಿಯನ್ ಶ್ನಾಬೆಲ್. ಕ್ಯೂಬಾದ ಲೇಖಕ ರೈನಾಲ್ದೊ ಅರೇನಾಸ್ ಅವರ ಜೀವನಕಥೆ. ಸಲಿಂಗಿ ಅನ್ನುವ ಕಾರಣಕ್ಕೆ, ಬರೆದದ್ದಕ್ಕೆ ಕ್ಯೂಬಾ ಸರ್ಕಾರ ಅವರನ್ನು ಜೈಲಿಗೆ ಹಾಕಿತು. 1980ರಲ್ಲಿ ಅಮೆರಿಕಕ್ಕೆ ಹೋದ ಅರೇನಾಸ್, 1990ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು.

ಇಲ್ಲಿ ಬಾರ್ದೆಮ್ ತೂಕ ಇಳಿಸಿದರು, ಕ್ಯೂಬಾದ ಮಾತಿನ ಧಾಟಿ ಕಲಿತರು, ಇಂಗ್ಲಿಷ್‌ನಲ್ಲಿ ನಟಿಸಲು ಕಲಿತರು. ನಡಿಗೆಯೇ ಬೇರೆಯಾಯಿತು. ವೆನಿಸ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಸಿಕ್ಕಿತು. ಆಸ್ಕರ್‌ಗೆ ಶ್ರೇಷ್ಠ ನಟ ವಿಭಾಗದಲ್ಲಿ ನಾಮನಿರ್ದೇಶನವೂ ಬಂತು. ಸ್ಪೇನ್‌ನ ಯಾವ ನಟನಿಗೂ ಅದಕ್ಕೂ ಮೊದಲು ಅದು ಸಿಕ್ಕಿರಲಿಲ್ಲ. ಬಾರ್ದೆಮ್ ಪಾಲಿಗೆ ದೇವರಂತಿರುವ ನಟ ಆಲ್ ಪಚಿನೋ ಈ ಸಿನಿಮಾ ನೋಡಿ ಫೋನಿನಲ್ಲಿ ಮೆಚ್ಚುಗೆಯ ಸಂದೇಶ ಬಿಟ್ಟಿದ್ದರಂತೆ.

ಇಷ್ಟಾದ ಮೇಲೂ ಅವರು ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ಟಲಿಲ್ಲ. ಸ್ಪೇನ್‌ಗೆ ಮರಳಿ, ಕೆಲಸ ಕಳೆದುಕೊಂಡ ಹಡಗುಕಟ್ಟೆ ಕಾರ್ಮಿಕನ ಪಾತ್ರ ಮಾಡಿದರು.

ಯಾವ ಸಿನಿಮಾದಿಂದ ಶುರು ಮಾಡಬೇಕು?

ಅದೇ ಹಡಗುಕಟ್ಟೆ ಕಾರ್ಮಿಕನ ಸಿನಿಮಾದಿಂದ. 'ಲೋಸ್ ಲೂನೆಸ್ ಅಲ್ ಸೋಲ್', 2002. ಇಂಗ್ಲಿಷ್‌ನಲ್ಲಿ 'ಮಂಡೇಸ್ ಇನ್ ದಿ ಸನ್' ಅಂತ ಹುಡುಕಿ. ನಿರ್ದೇಶಕ ಫೆರ್ನಾಂದೊ ಲೆಯೋನ್ ದೆ ಅರಾನೋವಾ.

ಉತ್ತರ ಸ್ಪೇನ್‌ನ ಬಂದರು ಊರು. ಹಡಗು ಕಟ್ಟುವ ಕಾರ್ಖಾನೆ ಮುಚ್ಚಿದೆ. ಕೆಲಸ ಹೋದ ಗೆಳೆಯರು ಒಬ್ಬ ಹಳೆ ಸಹೋದ್ಯೋಗಿಯ ಬಾರ್‌ನಲ್ಲಿ ಕೂತು ದಿನ ದೂಡುತ್ತಾರೆ. ಒಬ್ಬ ತನಗಿಂತ ಅರ್ಧ ವಯಸ್ಸಿನವರ ಜೊತೆ ಸಂದರ್ಶನಕ್ಕೆ ಹೋಗುತ್ತಾನೆ, ತಲೆಗೂದಲಿಗೆ ಬಣ್ಣ ಹಚ್ಚಿಕೊಂಡು. ಇನ್ನೊಬ್ಬನ ಹೆಂಡತಿ ಮೀನಿನ ಕಾರ್ಖಾನೆಯಲ್ಲಿ ದುಡಿದು ಮನೆ ನಡೆಸುತ್ತಾಳೆ, ಅದು ಅವನಿಗೆ ಸಹಿಸಲಾಗದು. ಬಾರ್ದೆಮ್ ಇವರ ನಡುವಿನ ಸಾಂತಾ. ಗಡ್ಡ ಬಿಟ್ಟಿದ್ದಾರೆ, ದಪ್ಪ ಆಗಿದ್ದಾರೆ, ತಲೆ ಮುಂದೆ ಬೋಳಾಗಿದೆ. ಗೂಳಿಯ ಹುಡುಗ ಎಲ್ಲೂ ಕಾಣುವುದಿಲ್ಲ.

ಒಂದು ದೃಶ್ಯ ಹೇಳುತ್ತೇನೆ. ಸಾಂತಾ ಯಾರದೋ ಮನೆಯಲ್ಲಿ ಮಗು ನೋಡಿಕೊಳ್ಳಲು ಹೋಗಿರುತ್ತಾನೆ. ಮಲಗುವ ಹೊತ್ತಿಗೆ ಮಿಡತೆ ಮತ್ತು ಇರುವೆಯ ಕಥೆ ಓದಲು ಶುರು ಮಾಡುತ್ತಾನೆ. ಬೇಸಿಗೆಯೆಲ್ಲ ಇರುವೆ ದುಡಿಯಿತು, ಮಿಡತೆ ಹಾಡಿತು, ಚಳಿ ಬಂದಾಗ ಮಿಡತೆ ಬಾಗಿಲಿಗೆ ಬಂದರೆ ಇರುವೆ ಒಳಗೆ ಬಿಡಲಿಲ್ಲ. ಓದುತ್ತಾ ಓದುತ್ತಾ ಸಾಂತಾಗೆ ಸಿಟ್ಟು ಏರುತ್ತದೆ. ಇರುವೆಯನ್ನು ಬೈಯುತ್ತಾನೆ. ಕೆಲವರು ಮಿಡತೆಯಾಗಿ, ಕೆಲವರು ಇರುವೆಯಾಗಿ ಯಾಕೆ ಹುಟ್ಟುತ್ತಾರೆ ಅನ್ನುವುದನ್ನು ಈ ಪುಸ್ತಕ ಹೇಳುವುದೇ ಇಲ್ಲವಲ್ಲ ಅನ್ನುವುದು ಅವನ ತಕರಾರು. ಮಗು ಕಣ್ಣು ಬಿಟ್ಟುಕೊಂಡು ನೋಡುತ್ತಿರುತ್ತದೆ. ನಗು ಬರುತ್ತದೆ, ಹಿಂದೆಯೇ ಗಂಟಲು ಕಟ್ಟುತ್ತದೆ. ಕಾರ್ಖಾನೆ ಮುಚ್ಚಿದ ನೋವು, ಒಳಗೊಳಗೇ ಕುದಿಯುವ ಅವಮಾನ, ಎಲ್ಲವೂ ಒಂದು ಮಕ್ಕಳ ಕಥೆಯ ಮೇಲೆ ಬೀಳುತ್ತದೆ. ಬಾರ್ದೆಮ್ ದನಿ ಕೂಡ ಹೆಚ್ಚು ಎತ್ತುವುದಿಲ್ಲ.

ಮುಷ್ಕರದ ವೇಳೆ ಬೀದಿ ದೀಪ ಒಡೆದ ಕೇಸೊಂದು ಸಾಂತಾ ಮೇಲಿದೆ. ದಂಡ 8,000 ಪೆಸೆಟಾ (ಸ್ಪೇನ್‌ನ ಹಳೆಯ ಹಣ). ದೊಡ್ಡ ಮೊತ್ತ ಏನಲ್ಲ, ಆದರೂ ಕಟ್ಟಲು ಅವನಿಗೆ ಮನಸ್ಸಿಲ್ಲ. ಆ ದಂಡ ಏನಾಗುತ್ತದೆ, ದೀಪ ಏನಾಗುತ್ತದೆ ಅನ್ನುವುದನ್ನು ಸಿನಿಮಾದಲ್ಲೇ ನೋಡಿ.

ಸಾನ್ ಸೆಬಾಸ್ಟಿಯನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಇದಕ್ಕೆ ಬಂತು. ಆ ವರ್ಷ ಸ್ಪೇನ್ ಆಸ್ಕರ್‌ಗೆ ಅಲ್ಮೊದೊವಾರ್ ಸಿನಿಮಾ ಬಿಟ್ಟು ಇದನ್ನೇ ಕಳಿಸಿತು.

'ದಿ ಸೀ ಇನ್‌ಸೈಡ್' ನಿಜವಾದ ಕಥೆಯಾ?

ನಿಜವಾದ ಕಥೆ. ರಮೋನ್ ಸಾಂಪೆದ್ರೊ ಗಲೀಸಿಯಾ ಪ್ರಾಂತ್ಯದವರು. ಹಡಗಿನಲ್ಲಿ ಕೆಲಸ ಮಾಡುತ್ತಾ ಲೋಕ ಸುತ್ತಿದವರು. 1968ರಲ್ಲಿ, 25ನೇ ವಯಸ್ಸಿನಲ್ಲಿ, ಬಂಡೆಯ ಮೇಲಿಂದ ಸಮುದ್ರಕ್ಕೆ ಹಾರಿದರು. ಅಲೆ ಹಿಂದಕ್ಕೆ ಸರಿದಿತ್ತು, ನೀರು ಕಡಿಮೆ ಇತ್ತು. ಕುತ್ತಿಗೆ ಮುರಿಯಿತು. ಅಲ್ಲಿಂದ ಸುಮಾರು 29 ವರ್ಷ ಹಾಸಿಗೆಯಲ್ಲೇ ಇದ್ದರು. ಅಣ್ಣ ಅತ್ತಿಗೆ ನೋಡಿಕೊಂಡರು. ಬಾಯಲ್ಲಿ ಕಡ್ಡಿ ಹಿಡಿದು ಬರೆಯುತ್ತಿದ್ದರು. ತನ್ನ ಬದುಕನ್ನು ಕೊನೆಗೊಳಿಸಲು ಕಾನೂನು ನೆರವಾಗಬೇಕು ಅಂತ ಕೋರ್ಟುಗಳಲ್ಲಿ ಹೋರಾಡಿದರು. ಕೋರ್ಟುಗಳು ಒಪ್ಪಲಿಲ್ಲ. 1998ರ ಜನವರಿಯಲ್ಲಿ ತೀರಿಕೊಂಡರು.

ಅಲೆಹಾಂದ್ರೊ ಅಮೆನಾಬಾರ್ ಈ ಸಿನಿಮಾ ಮಾಡಿದ್ದು 2004ರಲ್ಲಿ. ಬಾರ್ದೆಮ್‌ಗೆ ಆಗ 35. ಪಾತ್ರಕ್ಕೆ 55 ದಾಟಿತ್ತು. ದಿನಾ ಐದು ಗಂಟೆ ಮೇಕಪ್. ಆ ಮೇಕಪ್ಪಿಗೂ ಆಸ್ಕರ್ ನಾಮನಿರ್ದೇಶನ ಬಂತು. ಅದೆಲ್ಲ ಮುಗಿದ ಮೇಲೆ ಹಾಸಿಗೆ ಮೇಲೆ ಮಲಗಿ, ಕುತ್ತಿಗೆಯಿಂದ ಮೇಲಿನ ಭಾಗದಲ್ಲಿ ಮಾತ್ರ ನಟಿಸಬೇಕು. ಕೈ ಆಡಿಸುವಂತಿಲ್ಲ, ಎದ್ದು ನಡೆಯುವಂತಿಲ್ಲ. ಉಳಿದಿರುವುದು ಕಣ್ಣು, ತುಟಿ, ದನಿ. ಅಷ್ಟರಲ್ಲೇ ತುಂಟತನ, ಸಿಟ್ಟು, ಪ್ರೀತಿ, ಸುಸ್ತು ಎಲ್ಲ ಬರುತ್ತದೆ. ಈ ರಮೋನ್ ಜೋಕ್ ಮಾಡುತ್ತಾನೆ, ಬಂದವರನ್ನು ರೇಗಿಸುತ್ತಾನೆ. ಅಯ್ಯೋ ಪಾಪ ಅನ್ನಿಸಿಕೊಳ್ಳಲು ಒಪ್ಪುವುದೇ ಇಲ್ಲ.

ಮಧ್ಯದಲ್ಲಿ ಒಂದು ಕನಸು ಇದೆ. ರಮೋನ್ ಮೆಲ್ಲಗೆ ಬೆರಳು ಅಲುಗಿಸುತ್ತಾನೆ, ಎದ್ದು ನಿಲ್ಲುತ್ತಾನೆ, ಮಂಚ ಪಕ್ಕಕ್ಕೆ ಸರಿಸಿ ಹಿಂದಕ್ಕೆ ಹೋಗಿ ಓಡಿ ಬಂದು ಕಿಟಕಿಯಿಂದ ಹಾರುತ್ತಾನೆ. ಕ್ಯಾಮೆರಾ ಬೆಟ್ಟ, ಮರ ದಾಟಿ ಕಡಲವರೆಗೂ ತೇಲುತ್ತದೆ. ಅಷ್ಟು ಹೊತ್ತು ಮಲಗಿದ್ದವನನ್ನೇ ನೋಡಿದ ನಮಗೆ, ಅವನು ಎರಡು ಹೆಜ್ಜೆ ಇಟ್ಟಿದ್ದೇ ದೊಡ್ಡ ಸಾಹಸದ ಹಾಗೆ ಕಾಣುತ್ತದೆ.

ಶ್ರೇಷ್ಠ ವಿದೇಶಿ ಭಾಷಾ ಚಿತ್ರ ಅಂತ ಆಸ್ಕರ್ ಬಂತು. 14 ಗೋಯಾ ಬಂದವು. ಬಾರ್ದೆಮ್‌ಗೆ ವೆನಿಸ್‌ನಲ್ಲಿ ಎರಡನೇ ಸಲ ಶ್ರೇಷ್ಠ ನಟ ಪ್ರಶಸ್ತಿ. ಸ್ಪೇನ್‌ನಲ್ಲಿ ದಯಾಮರಣದ ಕಾನೂನು ಜಾರಿಗೆ ಬಂದದ್ದು 2021ರ ಜೂನ್‌ನಲ್ಲಿ, ಸಾಂಪೆದ್ರೊ ತೀರಿಕೊಂಡು 23 ವರ್ಷ ಆದ ಮೇಲೆ.

ಆ ವಿಚಿತ್ರ ಹೇರ್‌ಸ್ಟೈಲ್ ಎಲ್ಲಿಂದ ಬಂತು?

'ನೋ ಕಂಟ್ರಿ ಫಾರ್ ಓಲ್ಡ್ ಮೆನ್' ನೋಡಿದ ಪ್ರತಿಯೊಬ್ಬರೂ ಕೇಳುವ ಪ್ರಶ್ನೆ ಇದು. 2007ರ ಸಿನಿಮಾ, ಕೋಯೆನ್ ಸಹೋದರರದು. ಕಥೆ ನಡೆಯುವುದು 1980ರ ಪಶ್ಚಿಮ ಟೆಕ್ಸಸ್‌ನಲ್ಲಿ. ಅದೇ ಸಿನಿಮಾದಲ್ಲಿ ಶೆರಿಫ್ ಪಾತ್ರ ಮಾಡಿದ ಟಾಮಿ ಲೀ ಜೋನ್ಸ್ ಒಂದು ಹಳೆಯ ಫೋಟೋ ಪುಸ್ತಕ ತಂದುಕೊಟ್ಟರು. ಅದರಲ್ಲಿ 1979ರ ಒಂದು ಫೋಟೋದಲ್ಲಿದ್ದ ಯಾರೋ ಒಬ್ಬನ ತಲೆ ಹಾಗಿತ್ತು. ಕೋಯೆನ್ ಸಹೋದರರು ಅದನ್ನೇ ಬಾರ್ದೆಮ್ ತಲೆಗೆ ಇಟ್ಟರು.

ಪಾತ್ರಕ್ಕೆ ಕೇಳಿದಾಗ ಬಾರ್ದೆಮ್ ಹೇಳಿದ್ದು ಇಷ್ಟು: ನನಗೆ ಕಾರು ಓಡಿಸಲು ಬರುವುದಿಲ್ಲ, ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ, ಹಿಂಸೆ ಅಂದ್ರೆ ಆಗುವುದಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು ಅಂದರಂತೆ ನಿರ್ದೇಶಕರು.

ಆಂಟನ್ ಚಿಗುರ್ ಬಾಡಿಗೆ ಕೊಲೆಗಾರ. ಕೈಯಲ್ಲಿ ಕಸಾಯಿಖಾನೆಯಲ್ಲಿ ದನಗಳನ್ನು ಬೀಳಿಸಲು ಬಳಸುವ ಗಾಳಿಯೊತ್ತಡದ ಸಾಧನ. ಆದರೆ ಭಯ ಹುಟ್ಟಿಸುವುದು ಆ ಸಾಧನ ಅಲ್ಲವೇ ಅಲ್ಲ. ಪೆಟ್ರೋಲ್ ಬಂಕಿನ ದೃಶ್ಯ ನೋಡಿ. ವಯಸ್ಸಾದ ಅಂಗಡಿಯವ ಸುಮ್ನೆ ಲೋಕಾಭಿರಾಮವಾಗಿ ಒಂದು ಮಾತು ಕೇಳುತ್ತಾನೆ. ಚಿಗುರ್ ಗೋಡಂಬಿ ತಿನ್ನುತ್ತಾ ಪ್ರತಿ ಮಾತನ್ನೂ ಹಿಂದಕ್ಕೆ ತಿರುಗಿಸುತ್ತಾನೆ. ತಿಂದು ಮುಗಿಸಿ ಪೊಟ್ಟಣ ಮುದುಡಿ ಕೌಂಟರ್ ಮೇಲೆ ಇಡುತ್ತಾನೆ. ಆ ಪ್ಲಾಸ್ಟಿಕ್ ಚರಪರ ಅನ್ನುತ್ತಾ ತಾನಾಗೇ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ನಾಣ್ಯ ಚಿಮ್ಮುತ್ತಾನೆ, ಹೆಡ್ಡೋ ಟೇಲೋ ಹೇಳು ಅನ್ನುತ್ತಾನೆ. ಪಣಕ್ಕಿಟ್ಟಿದ್ದು ಏನು ಅಂತ ಅಂಗಡಿಯವನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಬಾರ್ದೆಮ್ ಇಲ್ಲಿ ಕೂಗುವುದಿಲ್ಲ, ಹತ್ತಿರ ಹೋಗುವುದಿಲ್ಲ, ಕೈ ಎತ್ತುವುದಿಲ್ಲ. ಇಡೀ ದೃಶ್ಯದಲ್ಲಿ ರಕ್ತ ಇಲ್ಲ. ನೋಡುವವರ ಅಂಗೈ ಬೆವರುತ್ತದೆ.

2008ರ ಫೆಬ್ರವರಿ 24ರಂದು ಶ್ರೇಷ್ಠ ಪೋಷಕ ನಟ ಆಸ್ಕರ್. ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿದ್ದರು. ಇಂಗ್ಲಿಷ್‌ನಲ್ಲಿ ಧನ್ಯವಾದ ಹೇಳಿ, ಆಮೇಲೆ ಸ್ಪ್ಯಾನಿಷ್‌ಗೆ ಹೊರಳಿ ಅಮ್ಮನ ಕಡೆ ನೋಡಿ ಮಾತಾಡಿದರು. ಈ ಪ್ರಶಸ್ತಿಯನ್ನು ಅಮ್ಮನಿಗೆ, ಅಜ್ಜ ರಫಾಯೆಲ್, ಅಜ್ಜಿ ಮತಿಲ್ದೆಗೆ, ನಟನೆಯ ಕಸುಬಿಗೆ ಘನತೆ ತಂದ ಸ್ಪೇನ್‌ನ ಎಲ್ಲ ನಾಟಕದವರಿಗೆ ಅರ್ಪಿಸಿದರು.

ಅವರು ಯಾವಾಗಲೂ ವಿಲನ್ ಪಾತ್ರವನ್ನೇ ಮಾಡುತ್ತಾರಾ?

ಹಾಲಿವುಡ್ ಅವರನ್ನು ಹಾಗೆ ನೋಡಿದ್ದು ನಿಜ. ಚಿಗುರ್ ಆದ ಮೇಲೆ 2012ರಲ್ಲಿ 'ಸ್ಕೈಫಾಲ್'ನ ರಾವುಲ್ ಸಿಲ್ವಾ. ಲಿಫ್ಟಿನಿಂದ ಇಳಿದು, ಉದ್ದನೆಯ ಹಾಲ್‌ನ ಆ ತುದಿಯಿಂದ ಇಲಿಗಳ ಕಥೆ ಹೇಳುತ್ತಾ ನಡೆದು ಬರುವ ದೃಶ್ಯ ನೆನಪಿದೆಯಾ? ಕಟ್ ಇಲ್ಲದೆ ಒಂದೇ ಶಾಟ್‌ನಲ್ಲಿ ಬರುತ್ತದೆ. ಬಾಂಡ್ ಕುರ್ಚಿಗೆ ಕಟ್ಟಿಸಿಕೊಂಡು ಕೂತಿದ್ದಾನೆ, ನಾವೂ ಹಾಗೇ ಕೂತಿರುತ್ತೇವೆ. 2017ರಲ್ಲಿ 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ಸರಣಿಯ ಭೂತದಂಥ ಕ್ಯಾಪ್ಟನ್, ಅದೇ ವರ್ಷ ಡ್ರಗ್ ದೊರೆ ಪಾಬ್ಲೊ ಎಸ್ಕೊಬಾರ್. ಪೈರೇಟ್ಸ್‌ನಲ್ಲಿ ಗ್ರಾಫಿಕ್ಸ್ ಅವರ ಮುಖವನ್ನೇ ನುಂಗಿಬಿಟ್ಟಿದೆ. ಎಸ್ಕೊಬಾರ್ ಸಿನಿಮಾದಲ್ಲಿ ಕೊಲಂಬಿಯಾದ ಜನ ಒಬ್ಬರ ಜೊತೆ ಒಬ್ಬರು ಇಂಗ್ಲಿಷ್ ಮಾತಾಡುವುದು ಕೇಳಲು ಕಷ್ಟ. ಎರಡನ್ನೂ ಬಿಟ್ಟರೆ ನಷ್ಟ ಇಲ್ಲ.

ವಿಲನ್ ಅಲ್ಲದ ಪಾತ್ರಗಳಲ್ಲಿ 2010ರ 'ಬಿಯುತಿಫುಲ್' ದೊಡ್ಡದು. ನಿರ್ದೇಶಕ ಮೆಕ್ಸಿಕೋದ ಇನ್ಯಾರಿಟು. ಬಾರ್ಸಿಲೋನಾ ನಗರ, ಆದರೆ ಪ್ರವಾಸಿಗರು ನೋಡುವ ಬಾರ್ಸಿಲೋನಾ ಅಲ್ಲ. ಚೀನೀ ಕಾರ್ಮಿಕರು ಗೋದಾಮಿನ ನೆಲದ ಮೇಲೆ ಮಲಗುತ್ತಾರೆ, ಸೆನೆಗಲ್‌ನಿಂದ ಬಂದವರು ಫುಟ್‌ಪಾತ್‌ನಲ್ಲಿ ಬ್ಯಾಗು ಮಾರಿ ಪೊಲೀಸರು ಬಂದರೆ ಓಡುತ್ತಾರೆ. ಇವರ ನಡುವೆ ದಲ್ಲಾಳಿ ಕೆಲಸ ಮಾಡುವ ಉಶ್ಬಾಲ್‌ಗೆ ಕ್ಯಾನ್ಸರ್. ಉಳಿದಿರುವುದು ಕೆಲವೇ ತಿಂಗಳು, ಮನೆಯಲ್ಲಿ ಎರಡು ಚಿಕ್ಕ ಮಕ್ಕಳು. ಕಾನ್‌ನಲ್ಲಿ ಶ್ರೇಷ್ಠ ನಟ ಪ್ರಶಸ್ತಿಯನ್ನು ಇಟಲಿಯ ಎಲಿಯೊ ಜೆರ್ಮಾನೊ ಜೊತೆ ಹಂಚಿಕೊಂಡರು. ಪೂರ್ತಿ ಸ್ಪ್ಯಾನಿಷ್ ಭಾಷೆಯ ಪಾತ್ರಕ್ಕೆ ಶ್ರೇಷ್ಠ ನಟ ಆಸ್ಕರ್ ನಾಮನಿರ್ದೇಶನ ಪಡೆದ ಮೊದಲಿಗರೂ ಆದರು. ಭಾರವಾದ ಸಿನಿಮಾ. ಮನಸ್ಸು ಗಟ್ಟಿ ಇರುವ ದಿನ ನೋಡಿ.

ಸ್ಟಿಲ್ಗರ್ ಪಾತ್ರ ಹೇಗಿದೆ?

ಮೊದಲ 'ಡ್ಯೂನ್' ಬಂದದ್ದು 2021ರಲ್ಲಿ. ಅದರಲ್ಲಿ ಅವರಿಗೆ ಸಿಕ್ಕಿದ್ದು ಕೆಲವೇ ನಿಮಿಷ. ಆದರೂ ಡ್ಯೂಕ್ ಎದುರಿಗೆ ಬಂದು ಮೇಜಿನ ಮೇಲೆ ಉಗುಳುವ ದೃಶ್ಯವನ್ನು ಯಾರೂ ಮರೆತಿಲ್ಲ. ಕಾವಲಿನವರು ಕತ್ತಿಗೆ ಕೈ ಹಾಕುತ್ತಾರೆ. ನೀರೇ ಸಿಗದ ಮರುಭೂಮಿಯಲ್ಲಿ ಮೈಯ ತೇವವನ್ನು ಕೊಡುವುದು ಗೌರವ ಅಂತ ಆಮೇಲೆ ಗೊತ್ತಾಗುತ್ತದೆ. 2024ರ ಎರಡನೇ ಭಾಗದಲ್ಲಿ ಪಾತ್ರ ಬೆಳೆಯುತ್ತದೆ. ಮೊದಮೊದಲು ಕಥೆಯ ನಾಯಕನ ಮೇಲೆ ಅವನಿಗಿರುವ ಭಕ್ತಿ ನೋಡಿ ನಗುತ್ತೇವೆ. ಸಿನಿಮಾ ಮುಗಿಯುವ ಹೊತ್ತಿಗೆ ಅದೇ ಭಕ್ತಿ ನೋಡಿ ಹೆದರಿಕೆ ಆಗುತ್ತದೆ.

ಒಟ್ಟು ಎಷ್ಟು ಪ್ರಶಸ್ತಿ?

ಆಸ್ಕರ್ ಒಂದು, ನಾಮನಿರ್ದೇಶನ ನಾಲ್ಕು. ನಾಲ್ಕನೆಯದು 2021ರ 'ಬೀಯಿಂಗ್ ದಿ ರಿಕಾರ್ಡೋಸ್' ಚಿತ್ರದಲ್ಲಿ ಹಳೆಯ ಟೀವಿ ತಾರೆ ಡೆಸಿ ಅರ್ನಾಜ್ ಪಾತ್ರಕ್ಕೆ. ನಟನೆಗೆ ಗೋಯಾ ಆರು. 'ಇನ್ವಿಸಿಬ್ಲೆಸ್' ಸಾಕ್ಷ್ಯಚಿತ್ರದ ನಿರ್ಮಾಪಕರಾಗಿ ಏಳನೆಯದು. ವೆನಿಸ್ ಎರಡು, ಕಾನ್ ಒಂದು. 2008ರಲ್ಲಿ ಗೋಲ್ಡನ್ ಗ್ಲೋಬ್, ಬ್ರಿಟನ್‌ನ ಬಾಫ್ತಾ ಕೂಡ ಬಂದವು. ಸಾನ್ ಸೆಬಾಸ್ಟಿಯನ್‌ನ ಜೀವಮಾನ ಸಾಧನೆಯ ದೊನೊಸ್ತಿಯಾ ಪ್ರಶಸ್ತಿಯನ್ನು 2023ರಲ್ಲಿ ಘೋಷಿಸಿದ್ದರು. ಆಗ ಹಾಲಿವುಡ್ ನಟರ ಮುಷ್ಕರ ನಡೆಯುತ್ತಿತ್ತು. ಹಾಗಾಗಿ ಹೋಗಿ ಸ್ವೀಕರಿಸಿದ್ದು 2024ರಲ್ಲಿ.

ಪೆನೆಲೊಪೆ ಕ್ರೂಸ್ ಅವರ ಹೆಂಡತಿ ಅಲ್ವಾ?

ಹೌದು. ಇಬ್ಬರೂ ಮೊದಲು ಜೊತೆಯಾಗಿ ನಟಿಸಿದ್ದು 'ಹಮೋನ್ ಹಮೋನ್'ನಲ್ಲೇ. ಪ್ರೀತಿ ಶುರುವಾದದ್ದು ಅದಾಗಿ ಎಷ್ಟೋ ವರ್ಷದ ಮೇಲೆ, 2008ರ 'ವಿಕಿ ಕ್ರಿಸ್ಟಿನಾ ಬಾರ್ಸಿಲೋನಾ' ಹೊತ್ತಿಗೆ. ಆ ಚಿತ್ರಕ್ಕೆ ಪೆನೆಲೊಪೆಗೆ ಆಸ್ಕರ್ ಬಂತು. 2010ರ ಜುಲೈನಲ್ಲಿ ಮದುವೆ. ಇಬ್ಬರು ಮಕ್ಕಳು. ಮಕ್ಕಳನ್ನು ಕ್ಯಾಮೆರಾಗಳಿಂದ ದೂರ ಇಟ್ಟಿದ್ದಾರೆ. 2022ರ ಆಸ್ಕರ್‌ನಲ್ಲಿ ಗಂಡ ಹೆಂಡತಿ ಇಬ್ಬರಿಗೂ ನಾಮನಿರ್ದೇಶನ ಇತ್ತು. ಜೊತೆಯಾಗಿ ಮಾಡಿದ್ದರಲ್ಲಿ ಇರಾನ್‌ನ ಅಸ್ಗರ್ ಫರ್ಹಾದಿ ನಿರ್ದೇಶಿಸಿದ 'ಎವ್ರಿಬಡಿ ನೋಸ್' ನೋಡಿ. ಮದುವೆ ಮನೆಯಿಂದ ಹುಡುಗಿ ಕಾಣೆಯಾಗುವ ಕಥೆ. ಊರವರಿಗೆಲ್ಲ ಗೊತ್ತಿರುವ, ಯಾರೂ ಬಾಯಿ ಬಿಡದ ಗುಟ್ಟು ಒಂದೊಂದಾಗಿ ಹೊರಗೆ ಬರುತ್ತದೆ.

ರಾಜಕೀಯದ ಬಗ್ಗೆ ಯಾಕೆ ಅಷ್ಟು ಮಾತಾಡುತ್ತಾರೆ?

ಮನೆಯಲ್ಲಿ ಕಲಿತದ್ದು. 2003ರ ಗೋಯಾ ಸಮಾರಂಭದಲ್ಲಿ ಸ್ಪೇನ್‌ನ ಕಲಾವಿದರು ಇರಾಕ್ ಯುದ್ಧ ಬೇಡ ಅನ್ನುವ ಬಿಲ್ಲೆ ಎದೆಗೆ ಹಚ್ಚಿಕೊಂಡು ಬಂದರು. ಬಾರ್ದೆಮ್ ಅಮ್ಮ ಮಗ ಇಬ್ಬರೂ ಆ ಚಳವಳಿಯಲ್ಲಿ ಮುಂದಿದ್ದರು. ಆಫ್ರಿಕಾದ ಪಶ್ಚಿಮ ಸಹಾರಾ ಹಿಂದೆ ಸ್ಪೇನ್‌ನ ವಸಾಹತು. 1975ರಲ್ಲಿ ಸ್ಪೇನ್ ಕೈಬಿಟ್ಟು ಹೊರಟಿತು, ಮೊರಾಕೊ ಸೇನೆ ನುಗ್ಗಿತು. ಅಲ್ಲಿನ ಎಷ್ಟೋ ಜನ ಇಂದಿಗೂ ಅಲ್ಜೀರಿಯಾದ ನಿರಾಶ್ರಿತರ ಶಿಬಿರಗಳಲ್ಲಿದ್ದಾರೆ. ಈ ಜನರ ಬಗ್ಗೆ ಬಾರ್ದೆಮ್ ವಿಶ್ವಸಂಸ್ಥೆಯಲ್ಲಿ ಮಾತಾಡಿದರು, 2012ರಲ್ಲಿ ಸಾಕ್ಷ್ಯಚಿತ್ರ ನಿರ್ಮಿಸಿದರು. ಅಂಟಾರ್ಕ್ಟಿಕ್ ಸಾಗರದ ರಕ್ಷಣೆಗೆ ಪರಿಸರ ಸಂಸ್ಥೆ ಗ್ರೀನ್‌ಪೀಸ್ ಜೊತೆ ಹೋದರು. ಗಾಜಾ ವಿಷಯದಲ್ಲಿ 2014ರಿಂದಲೂ ಬಹಿರಂಗವಾಗಿ ಮಾತಾಡಿದ್ದಾರೆ, ಅಮೆರಿಕದ ಟೀವಿ ಪ್ರಶಸ್ತಿ ಎಮ್ಮಿಯ 2025ರ ಸಮಾರಂಭಕ್ಕೆ ಪ್ಯಾಲೆಸ್ಟೀನಿಯರ ಕೆಫಿಯೆ ವಸ್ತ್ರ ಹೊದ್ದು ಬಂದಿದ್ದರು. ಇದಕ್ಕೆಲ್ಲ ಬೈಗುಳವನ್ನೂ ತಿಂದಿದ್ದಾರೆ. ಸಿನಿಮಾ ಮಾರುಕಟ್ಟೆ ನೋಡಿಕೊಂಡು ಮಾತು ನುಂಗುವ ಅಭ್ಯಾಸ ಅವರಿಗಿಲ್ಲ. ಅವರ ಎಲ್ಲ ನಿಲುವನ್ನು ಒಪ್ಪದವರೂ ಇದನ್ನು ಮೆಚ್ಚಬಹುದು.

ಈಚೆಗೆ ಏನು ಮಾಡುತ್ತಿದ್ದಾರೆ?

2021ರ 'ದಿ ಗುಡ್ ಬಾಸ್' ತಪ್ಪಿಸಬೇಡಿ. 'ಲೋಸ್ ಲೂನೆಸ್' ಮಾಡಿದ ಅದೇ ನಿರ್ದೇಶಕ. ಅಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕ, ಇಲ್ಲಿ ತಕ್ಕಡಿ ತಯಾರಿಸುವ ಕಾರ್ಖಾನೆಯ ಮಾಲೀಕ ಬ್ಲಾಂಕೊ. ಕಾರ್ಮಿಕರೆಲ್ಲ ನನ್ನ ಮಕ್ಕಳಿದ್ದ ಹಾಗೆ ಅನ್ನುತ್ತಾನೆ, ಬೆನ್ನು ತಟ್ಟುತ್ತಾನೆ, ಅವರ ಸಂಸಾರದ ಜಗಳ ಬಿಡಿಸಲು ಹೋಗುತ್ತಾನೆ. ಒಬ್ಬನನ್ನು ಕೆಲಸದಿಂದ ತೆಗೆದಿದ್ದಾನೆ, ಅವನು ಗೇಟಿನ ಎದುರೇ ಟೆಂಟು ಹಾಕಿ ಕೂತಿದ್ದಾನೆ. ಕಾರ್ಖಾನೆ ನೋಡಲು ಪ್ರಶಸ್ತಿ ಸಮಿತಿ ಬರುವ ಹೊತ್ತು. ಗೇಟಿನ ಬಳಿಯ ದೊಡ್ಡ ತಕ್ಕಡಿ ಸಮವಾಗಿ ನಿಲ್ಲುತ್ತಲೇ ಇಲ್ಲ. ಬಾರ್ದೆಮ್ ಇಡೀ ಸಿನಿಮಾ ನಗುತ್ತಲೇ ಇರುತ್ತಾರೆ, ಆ ನಗು ನೋಡನೋಡುತ್ತಾ ಅಸಹ್ಯ ಆಗುತ್ತಾ ಹೋಗುತ್ತದೆ. 20 ಗೋಯಾ ನಾಮನಿರ್ದೇಶನ ಪಡೆದು ದಾಖಲೆ ಮಾಡಿತು, ಆರು ಗೆದ್ದಿತು.

2023ರಲ್ಲಿ 'ದಿ ಲಿಟಲ್ ಮರ್ಮೇಡ್'ನ ಟ್ರೈಟನ್ ರಾಜ. 2024ರಲ್ಲಿ, ಅಪ್ಪ ಅಮ್ಮನನ್ನು ಕೊಂದ ಮೆನೆಂಡೆಜ್ ಸಹೋದರರ ಪ್ರಕರಣದ ಟೀವಿ ಸರಣಿಯಲ್ಲಿ ತಂದೆ ಹೊಸೆ ಮೆನೆಂಡೆಜ್. ಅದಕ್ಕೆ ಎಮ್ಮಿ ನಾಮನಿರ್ದೇಶನ ಬಂತು. 2025ರಲ್ಲಿ 'ಎಫ್1' ಚಿತ್ರದಲ್ಲಿ ರೇಸಿಂಗ್ ತಂಡದ ಮಾಲೀಕ.

ಡಬ್ಬಿಂಗ್ ನೋಡಬಹುದಾ?

ಸ್ಪ್ಯಾನಿಷ್ ಸಿನಿಮಾಗಳನ್ನು ದಯವಿಟ್ಟು ಮೂಲ ದನಿಯಲ್ಲೇ ನೋಡಿ, ಸಬ್‌ಟೈಟಲ್ ಹಾಕಿಕೊಂಡು. ಗಲೀಸಿಯಾದ ರಮೋನ್ ಮಾತಾಡುವ ಧಾಟಿ ಬೇರೆ, ಮಾಲೀಕ ಬ್ಲಾಂಕೊ ಮಾತಾಡುವ ಧಾಟಿ ಬೇರೆ. ಭಾಷೆ ಗೊತ್ತಿಲ್ಲದಿದ್ದರೂ ಕಿವಿಗೆ ಆ ವ್ಯತ್ಯಾಸ ಸಿಗುತ್ತದೆ. ಡಬ್ ಆದರೆ ಅರ್ಧ ನಟನೆ ಹೋಯಿತು.

ಮನೆಯವರ ಜೊತೆ ಕೂತು ನೋಡಬಹುದಾ?

ಎಲ್ಲವನ್ನೂ ಅಲ್ಲ. ಬಿಗಾಸ್ ಲೂನಾ ಸಿನಿಮಾಗಳು ಪೂರ್ತಿ ದೊಡ್ಡವರಿಗೆ. 'ನೋ ಕಂಟ್ರಿ'ಯಲ್ಲಿ ಕೊಲೆಗಳಿವೆ. 'ಮಂಡೇಸ್ ಇನ್ ದಿ ಸನ್' ಮತ್ತು 'ದಿ ಗುಡ್ ಬಾಸ್' ಹದಿಹರೆಯ ದಾಟಿದ ಮಕ್ಕಳ ಜೊತೆ ನೋಡಬಹುದು. ಬೈಗುಳ ಇದೆ, ಎರಡನೆಯದರಲ್ಲಿ ಒಂದೆರಡು ಮುಜುಗರದ ದೃಶ್ಯಗಳೂ ಇವೆ. 'ಡ್ಯೂನ್' ಎರಡು ಭಾಗ ದೊಡ್ಡ ಮಕ್ಕಳಿಗೆ ಪರವಾಗಿಲ್ಲ. 'ದಿ ಸೀ ಇನ್‌ಸೈಡ್' ವಿಷಯ ಬೇರೆ. ಮನೆಯಲ್ಲಿ ಯಾರಾದರೂ ಬಹಳ ದಿನದಿಂದ ಹಾಸಿಗೆ ಹಿಡಿದಿದ್ದರೆ ಮೊದಲು ನೀವೊಬ್ಬರೇ ನೋಡಿ, ಆಮೇಲೆ ಯಾರ ಜೊತೆ ನೋಡಬೇಕು ಅಂತ ತೀರ್ಮಾನ ಮಾಡಿ.